ಮಾತು ಬಲ್ಲ ಮಗುವಿಗೆ ಜಗಳವಿಲ್ಲ

‘ಸಾರ್, ಇವನು ನನ್ನ ಕೊಡೆ ಮುರಿದ.’ ‘ಟೀಚರ್, ಅವಳು ನನ್ನ ಜೊತೆ ಟೂ ಬಿಟ್ಟಿದ್ದಾಳೆ.’ ‘ಇಲ್ಲ ಸಾರ್, ಮೊದಲು ಹೊಡೆದದ್ದು ಅವನೇ.’ ಪ್ರಾಥಮಿಕ ಶಾಲೆಯ ಯಾವ ಉಪಾಧ್ಯಾಯರನ್ನಾದರೂ ಕೇಳಿ ನೋಡಿ, ದಿನಕ್ಕೆ ಇಂಥ ಎಷ್ಟು ದೂರುಗಳು ಬರುತ್ತವೆ ಎಂದು. ‘ಪಾಠಕ್ಕಿಂತ ಪಂಚಾಯಿತಿಯೇ ಹೆಚ್ಚು’ ಎಂದು ನಿಟ್ಟುಸಿರು ಬಿಡುತ್ತಾರೆ.

ಮಕ್ಕಳ ಜಗಳಕ್ಕೂ ಆರೋಗ್ಯದ ಅಂಕಣಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಬಹಳ ಇದೆ. ಸೀಳಿದ ತುಟಿ, ಮುರಿದ ಮುಂಬಲ್ಲು, ತೋಳಿನ ಮೇಲೆ ಹಲ್ಲು ಕಚ್ಚಿದ ಗುರುತು, ಕಣ್ಣಿನ ಅಂಚಿಗೆ ತಾಗಿದ ಕೊಡೆಯ ಕಡ್ಡಿ - ಇವೆಲ್ಲ ವೈದ್ಯರ ಬಳಿಗೇ ಬರುತ್ತವೆ. ಗಾಯವೇ ಕಾಣದ ಮಕ್ಕಳೂ ಬರುತ್ತಾರೆ. ಸೋಮವಾರ ಬೆಳಗ್ಗೆ ಹೊಟ್ಟೆನೋವು. ಜ್ವರವಿಲ್ಲ, ಭೇದಿಯಿಲ್ಲ, ಹೊಟ್ಟೆ ಮುಟ್ಟಿ ನೋಡಿದರೆ ಮೆತ್ತಗಿದೆ. ಶಾಲೆಯ ಬಸ್ಸು ಹೋದ ಮೇಲೆ ನೋವೂ ಹೋಗುತ್ತದೆ! ನಿಧಾನವಾಗಿ ಮಾತಾಡಿಸಿದರೆ, ಪಕ್ಕದಲ್ಲಿ ಕೂರುವ ಹುಡುಗನ ಹೆಸರು ಹೊರಬೀಳುತ್ತದೆ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರುಮಾಡಿದರೆ, ಊಟ ಬಿಟ್ಟರೆ, ನಿದ್ದೆಯಲ್ಲಿ ಬೆಚ್ಚಿದರೆ ಅದರ ಹಿಂದೆಯೂ ಇಂಥ ಕಾರಣ ಇರಬಹುದು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ನಮಗೆಲ್ಲ ಗೊತ್ತು. ಊಟ ಹೇಗಿರಬೇಕೆಂದು ಮಕ್ಕಳಿಗೆ ದಿನವೂ ಹೇಳುತ್ತೇವೆ. ಮಾತು ಹೇಗಿರಬೇಕೆಂದು ಕಲಿಸುತ್ತೇವೆಯೇ?

ನಮ್ಮ ಮಲೆನಾಡಿನ ಮಗು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮನೆಗಳು ಬಯಲುಸೀಮೆಯಂತೆ ಒತ್ತಾಗಿಲ್ಲ. ಒಂದು ಅಡಿಕೆ ತೋಟ, ಒಂದು ಗದ್ದೆ, ನಡುವೆ ಒಂಟಿ ಮನೆ. ಪಕ್ಕದ ಮನೆಗೆ ಹೋಗಬೇಕಾದರೆ ಗುಡ್ಡ ಹತ್ತಿ ಇಳಿಯಬೇಕು. ಇಂಥ ಮನೆಯ ಮಗುವಿಗೆ ಐದಾರು ವರ್ಷದವರೆಗೆ ಜೊತೆಗಾರರೇ ಕಡಿಮೆ. ಈಗ ಮನೆಗೆ ಒಂದೋ ಎರಡೋ ಮಕ್ಕಳು ಬೇರೆ. ಚೆಂಡು, ಉಯ್ಯಾಲೆ, ಅಜ್ಜಿಯ ಮಡಿಲು ಎಲ್ಲವೂ ತನ್ನದೇ. ಹಂಚಿಕೊಳ್ಳುವುದು, ಸರದಿ ಕಾಯುವುದು, ಸೋಲುವುದು ಇವೆಲ್ಲ ಶಾಲೆಯ ಮೆಟ್ಟಿಲು ಹತ್ತಿದ ದಿನವೇ ಒಟ್ಟಿಗೆ ಎದುರಾಗುತ್ತವೆ.

ಭಾಷೆಯ ಮಾತೂ ಇದೆ. ಒಂದೇ ತರಗತಿಯಲ್ಲಿ ಮನೆಯಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ, ಉರ್ದು, ಮಲಯಾಳ ಆಡುವ ಮಕ್ಕಳಿರುತ್ತಾರೆ. ಕಾಫಿ ತೋಟಗಳ ಕೆಲಸಕ್ಕೆ ಉತ್ತರ ಕರ್ನಾಟಕದಿಂದಲೂ ಅಸ್ಸಾಂನಂಥ ದೂರದ ರಾಜ್ಯಗಳಿಂದಲೂ ಬಂದವರ ಮಕ್ಕಳೂ ಇದ್ದಾರೆ. ‘ನನಗೂ ಕೊಡು’ ಎನ್ನಲು ಮಾತು ಸಿಗದ ಮಗು ಕಿತ್ತುಕೊಳ್ಳುತ್ತದೆ. ಬಾಯಿ ಬಾರದ ಕಡೆ ಕೈ ಮಾತಾಡುತ್ತದೆ.

ಇದರ ಮೇಲೆ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಟದ ಬಯಲಿಗೆ ಇಳಿಯುವಂತಿಲ್ಲ. ಒದ್ದೆ ಬಟ್ಟೆ, ಕತ್ತಲೆ ಕೋಣೆ, ಕಿರಿದಾದ ಜಗಲಿ. ಓಡಿ ಕುಣಿಯಬೇಕಾದ ಮಕ್ಕಳು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಕೊಡೆ ಕತ್ತಿಯಾಗುತ್ತದೆ. ಮನೆಗೆ ಹೋಗುವ ದಾರಿಯಲ್ಲಿ ಕಾಲುಸಂಕದ ಮೇಲೆ, ತುಂಬಿದ ಹಳ್ಳದ ಅಂಚಿನಲ್ಲಿ ಒಂದು ಸಣ್ಣ ನೂಕು ಏನು ಮಾಡೀತೆಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ‘ಮಕ್ಕಳ ಜಗಳ ಅಲ್ಲವೇ’ ಎಂದು ತಳ್ಳಿಹಾಕುವ ವಿಷಯ ಇದಲ್ಲ.

ಮಗು ಏಕೆ ಜಗಳವಾಡುತ್ತದೆ?

ಮೊದಲು ಒಂದು ಮಾತು. ಜಗಳವಾಡುವ ಮಗು ಕೆಟ್ಟ ಮಗುವಲ್ಲ. ಇಬ್ಬರಿಗೂ ಒಂದೇ ವಸ್ತು ಬೇಕೆನಿಸಿದಾಗ ಭಿನ್ನಾಭಿಪ್ರಾಯ ಬರುವುದು ಸಹಜ. ಅದನ್ನು ಹೊಡೆದಾಟಕ್ಕೆ ಒಯ್ಯದೆ ಬಗೆಹರಿಸುವುದು ಮಾತ್ರ ಹುಟ್ಟಿನಿಂದ ಬರುವುದಿಲ್ಲ. ಮಗ್ಗಿಯಂತೆ, ಈಜಿನಂತೆ ಕಲಿಯಬೇಕು.

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳು ಗೋಲಿಯಾಡುವುದನ್ನು ನೋಡುತ್ತ, ಆಟದ ನಿಯಮಗಳ ಬಗ್ಗೆ ಅವರನ್ನೇ ಪ್ರಶ್ನಿಸುತ್ತ ಅಧ್ಯಯನ ಮಾಡಿ 1932ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಅವರು ಮಕ್ಕಳ ಮುಂದಿಟ್ಟ ಒಂದು ಪ್ರಶ್ನೆ ಹೀಗಿತ್ತು. ಒಬ್ಬ ಹುಡುಗ ಗೊತ್ತಿಲ್ಲದೆ ಬಾಗಿಲು ತಳ್ಳಿ, ಹಿಂದೆ ಇಟ್ಟಿದ್ದ ಹದಿನೈದು ಬಟ್ಟಲು ಒಡೆದ. ಇನ್ನೊಬ್ಬ ಜಾಮ್ ಕದಿಯಲು ಹೋಗಿ ಒಂದು ಬಟ್ಟಲು ಒಡೆದ. ಯಾರ ತಪ್ಪು ದೊಡ್ಡದು? ಚಿಕ್ಕ ಮಕ್ಕಳು ಹೆಚ್ಚಾಗಿ ‘ಹದಿನೈದು ಒಡೆದವನದು’ ಎಂದರು. ದೊಡ್ಡ ಮಕ್ಕಳು ಉದ್ದೇಶವನ್ನು ಲೆಕ್ಕಕ್ಕೆ ತೆಗೆದುಕೊಂಡರು.

ಇದರಿಂದ ನಮಗೇನು ತಿಳಿಯುತ್ತದೆ? ಒಂದನೇ ಎರಡನೇ ತರಗತಿಯ ಮಗು ನಷ್ಟವನ್ನು ನೋಡುತ್ತದೆ, ಉದ್ದೇಶವನ್ನು ಅಷ್ಟಾಗಿ ನೋಡುವುದಿಲ್ಲ. ಕಾಲು ಜಾರಿ ಮೈಮೇಲೆ ಬಿದ್ದವನೂ ಬೇಕೆಂದೇ ನೂಕಿದವನೂ ಅದಕ್ಕೆ ಒಂದೇ. ‘ಅವನು ಬೇಕೆಂದು ಮಾಡಿದನೋ, ಗೊತ್ತಿಲ್ಲದೆ ಆಯಿತೋ?’ ಎಂದು ಕೇಳುವುದನ್ನು ಕಲಿಸಿದರೆ ಎಷ್ಟೋ ಜಗಳಗಳು ಹುಟ್ಟುವ ಮೊದಲೇ ನಿಲ್ಲುತ್ತವೆ.

ಇನ್ನು ದೇಹದ ವಿಷಯ. ಸಿಟ್ಟು ಬಂದಾಗ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ, ಮುಷ್ಟಿ ಬಿಗಿಯುತ್ತದೆ. ಹೊಡೆಯಲು ಅಥವಾ ಓಡಲು ದೇಹ ಸಿದ್ಧವಾಗುತ್ತದೆ. ‘ತಡಿ, ಯೋಚಿಸು’ ಎನ್ನುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಏಳು ವರ್ಷದ ಮಗುವಿನಲ್ಲಿ ಬ್ರೇಕು ಇನ್ನೂ ಎಳಸು. ಆದ್ದರಿಂದ ಸಿಟ್ಟಿನ ಶಿಖರದಲ್ಲಿರುವ ಮಗುವಿಗೆ ಬುದ್ಧಿವಾದ ಹೇಳಿ ಪ್ರಯೋಜನವಿಲ್ಲ. ಮೊದಲು ದೇಹ ತಣ್ಣಗಾಗಬೇಕು, ಆಮೇಲೆ ಮಾತು.

ಐದು ಮೆಟ್ಟಿಲು

ಮಕ್ಕಳಿಗೆ ಕಲಿಸಬೇಕಾದ ಕ್ರಮವನ್ನು ಐದು ಮೆಟ್ಟಿಲುಗಳಾಗಿ ಹೇಳಬಹುದು. ದೊಡ್ಡ ಅಕ್ಷರದಲ್ಲಿ ಬರೆದು ತರಗತಿಯ ಗೋಡೆಗೆ ಅಂಟಿಸಿ.

1. ನಿಲ್ಲು. ಆಟದಲ್ಲಿ ‘ಟೈಂ ಪ್ಲೀಸ್’ ಎಂದು ಕೂಗುವುದು ಮಕ್ಕಳಿಗೆ ಗೊತ್ತು. ಸಿಟ್ಟು ಬಂದಾಗಲೂ ಅದನ್ನೇ ಕೂಗಲಿ. ಕೈ ಕಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿಯಲಿ.

2. ಉಸಿರಾಡು. ಮೂಗಿನಿಂದ ಮೂರು ಎಣಿಸುವಷ್ಟು ಹೊತ್ತು ಉಸಿರೆಳೆದು, ಬಿಸಿ ಕಾಫಿ ಆರಿಸುವಂತೆ ಬಾಯಿಯಿಂದ ಐದು ಎಣಿಸುವಷ್ಟು ಹೊತ್ತು ಬಿಡಲಿ. ಹೀಗೆ ಐದು ಸಲ. ನಿಧಾನವಾಗಿ ಉಸಿರು ಬಿಟ್ಟಾಗ ಎದೆ ಬಡಿತ ತಗ್ಗುತ್ತದೆ. ಚಿಕ್ಕವರಿಗೆ ಆಮೆಯ ಉದಾಹರಣೆ ಕೊಡಿ. ಆಮೆ ಕಾಲು ತಲೆಗಳನ್ನು ಒಳಗೆಳೆದುಕೊಳ್ಳುವಂತೆ ಒಂದು ಕ್ಷಣ ಮುದುಡಿ ಕುಳಿತು ಉಸಿರಾಡಲಿ.

3. ಹೇಳು. ಇನ್ನೊಬ್ಬನ ಗುಣವನ್ನಲ್ಲ, ತನಗೆ ಆದದ್ದನ್ನು ಹೇಳಲಿ. ‘ನೀನು ಯಾವಾಗಲೂ ಹಾಗೇ, ಕಳ್ಳ’ ಎಂಬುದು ಜಗಳ ಹೆಚ್ಚಿಸುವ ಮಾತು. ‘ನೀನು ಕೇಳದೆ ನನ್ನ ಪೆನ್ಸಿಲ್ ತಗೊಂಡೆ, ನಂಗೆ ಬೇಜಾರಾಯ್ತು’ ಎಂಬುದು ಜಗಳ ಇಳಿಸುವ ಮಾತು.

4. ಕೇಳು. ಇನ್ನೊಬ್ಬ ಹೇಳುವಾಗ ನಡುವೆ ಬಾಯಿ ಹಾಕಬಾರದು. ಅವನು ಹೇಳಿದ್ದನ್ನು ತಿರುಗಿ ಹೇಳಬೇಕು. ಈ ಮೆಟ್ಟಿಲೇ ಕಷ್ಟದ್ದು, ದೊಡ್ಡವರಿಗೂ ಸಹ!

5. ಒಪ್ಪಂದ. ಇಬ್ಬರೂ ಸೇರಿ ಕನಿಷ್ಠ ಮೂರು ದಾರಿ ಹುಡುಕಲಿ. ಇಬ್ಬರಿಗೂ ಆಗುವ ಒಂದನ್ನು ಆರಿಸಲಿ. ಮಾರನೆಯ ದಿನ ಅದು ನಡೆಯಿತೇ ಎಂದು ಉಪಾಧ್ಯಾಯರು ವಿಚಾರಿಸಲಿ.

ಒಂದು ಉದಾಹರಣೆ ನೋಡಿ. ಮೂರನೇ ತರಗತಿಯ ಇಬ್ಬರು ಹುಡುಗರು. ಒಬ್ಬನ ಹೊಸ ಕೊಡೆಯನ್ನು ಇನ್ನೊಬ್ಬ ತಿರುಗಿಸುವಾಗ ಕಡ್ಡಿ ಮುರಿಯಿತು. ಸಾಮಾನ್ಯವಾಗಿ ಮುಂದೆ ಏನಾಗುತ್ತದೆ? ಒಂದು ಏಟು, ಎರಡು ಬೈಗುಳ, ಇಬ್ಬರಿಗೂ ಮೇಷ್ಟರ ಶಿಕ್ಷೆ. ಈಗ ಮೆಟ್ಟಿಲು ಹತ್ತಿಸಿ. ‘ನನ್ನ ಕೊಡೆ ಮುರೀತು. ಮನೇಲಿ ಅಮ್ಮ ಬೈತಾರೆ ಅಂತ ಹೆದರಿಕೆ ಆಗ್ತಿದೆ’ ಎನ್ನುತ್ತಾನೆ ಮೊದಲನೆಯವನು. ‘ನಿಂಗೆ ಹೆದರಿಕೆ ಆಗ್ತಿದೆ. ನಾನು ಬೇಕು ಅಂತ ಮುರೀಲಿಲ್ಲ, ತಿರುಗಿಸಿ ನೋಡ್ತಿದ್ದೆ’ ಎನ್ನುತ್ತಾನೆ ಎರಡನೆಯವನು. ದಾರಿ ಏನು? ಮುರಿದವನೇ ಸಂಜೆ ಜೊತೆಗೆ ಹೋಗಿ ಆ ಅಮ್ಮನಿಗೆ ನಡೆದದ್ದನ್ನು ಹೇಳಬಹುದು. ರಿಪೇರಿಯಾಗುವವರೆಗೆ ಇಬ್ಬರೂ ಒಂದೇ ಕೊಡೆಯಲ್ಲಿ ಹೋಗಬಹುದು. ಇನ್ನು ಮುಂದೆ ಕೇಳಿಯೇ ಮುಟ್ಟುವುದೆಂದು ಒಪ್ಪಬಹುದು. ಸಿಟ್ಟಿನ ಒಳಗೆ ಹೆದರಿಕೆ ಅಡಗಿತ್ತು ಎಂಬುದನ್ನು ಗಮನಿಸಿ. ಮಕ್ಕಳ ಸಿಟ್ಟನ್ನು ಸುಲಿದರೆ ಒಳಗೆ ಹೆಚ್ಚಾಗಿ ಹೆದರಿಕೆ, ಅವಮಾನ ಅಥವಾ ಹಸಿವು ಇರುತ್ತದೆ.

‘ಸಾರಿ ಹೇಳು, ಶೇಕ್‌ಹ್ಯಾಂಡ್ ಮಾಡು’ ಎಂದು ಬಲವಂತ ಮಾಡುವುದರಿಂದ ಜಗಳ ಮುಗಿಯುವುದಿಲ್ಲ, ಶಾಲೆಯ ಗೇಟಿನಾಚೆಗೆ ಹೋಗುತ್ತದೆ ಅಷ್ಟೆ.

ಶಾಲೆಯಲ್ಲಿ ಏನು ಮಾಡಬಹುದು?

ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ಶಾಲಾ ಮಕ್ಕಳಿಗೆ ಹತ್ತು ಜೀವನ ಕೌಶಲಗಳನ್ನು ಕಲಿಸಬೇಕೆಂದು ಹೇಳಿತು. ತನ್ನನ್ನು ಅರಿಯುವುದು, ಪರರ ನೋವನ್ನು ಅರಿಯುವುದು, ಸರಿಯಾಗಿ ಸಂವಹಿಸುವುದು, ಸಂಬಂಧ ಉಳಿಸಿಕೊಳ್ಳುವುದು, ಭಾವನೆಗಳನ್ನು ನಿಭಾಯಿಸುವುದು, ಸಮಸ್ಯೆ ಬಿಡಿಸುವುದು ಅದರಲ್ಲಿ ಸೇರಿವೆ. ಜಗಳ ಬಗೆಹರಿಸುವುದೆಂದರೆ ಇವಿಷ್ಟೂ ಒಟ್ಟಿಗೆ ಕೆಲಸ ಮಾಡುವುದು.

ಇದಕ್ಕೆ ನಮ್ಮಲ್ಲಿ ಅಡಿಪಾಯ ಆಗಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ ಇಂದು ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಲ್ಲೆಲ್ಲ ಪರಿಚಿತ. ಅಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಗುಂಪಾಗಿ ಕುಳಿತು ಒಬ್ಬರಿಂದೊಬ್ಬರು ಕಲಿಯುತ್ತಾರೆ. ನಮ್ಮ ಕಡೆಯ ಸಣ್ಣ ಶಾಲೆಗಳಲ್ಲಿ ಒಬ್ಬರೋ ಇಬ್ಬರೋ ಉಪಾಧ್ಯಾಯರು ಎಲ್ಲ ತರಗತಿಗಳನ್ನೂ ನೋಡಿಕೊಳ್ಳಬೇಕಾದ ಕಷ್ಟವಿದೆ. ಆದರೆ ಐದನೇ ತರಗತಿಯ ಹುಡುಗಿ ಒಂದನೇ ತರಗತಿಯವರನ್ನು ಹೆಸರು ಹಿಡಿದು ಬಲ್ಲಳು ಎಂಬ ಲಾಭವೂ ಇದೆ. ಶಾಲಾ ಸಂಸತ್ತಿನಲ್ಲಿ ಆರೋಗ್ಯ ಮಂತ್ರಿ, ಕ್ರೀಡಾ ಮಂತ್ರಿ ಇರುವಂತೆ ಒಬ್ಬ ‘ರಾಜಿ ಮಂತ್ರಿ’ಯೂ ಇರಲಿ. ಪ್ರತಿ ತಿಂಗಳು ಬದಲಾಗಲಿ. ತೀರ್ಪು ಕೊಡುವುದು ಈ ಮಂತ್ರಿಯ ಕೆಲಸವಲ್ಲ. ಇಬ್ಬರನ್ನೂ ಐದು ಮೆಟ್ಟಿಲು ಹತ್ತಿಸುವುದು ಮಾತ್ರ. ಹೆಚ್ಚು ಜಗಳವಾಡುವ ಹುಡುಗನಿಗೂ ಒಂದು ತಿಂಗಳು ಈ ಹುದ್ದೆ ಕೊಟ್ಟು ನೋಡಿ.

ಶನಿವಾರದ ಬೆಳಗಿನ ಶಾಲೆಯಲ್ಲಿ ಇಪ್ಪತ್ತು ನಿಮಿಷ ಇದಕ್ಕೆಂದು ಇಡಿ. ಒಂದು ವಾರ ಭಾವನೆಗಳ ಹೆಸರು: ಸಿಟ್ಟು, ಬೇಜಾರು, ಹೆದರಿಕೆ, ನಾಚಿಕೆ, ಹೊಟ್ಟೆಕಿಚ್ಚು. ಮುಖ ಮಾಡಿ ತೋರಿಸಿ, ಹೆಸರು ಹೇಳಿಸಿ. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳು ತಮ್ಮ ಭಾಷೆಯ ಪದವನ್ನೂ ಕಲಿಸಲಿ. ಇನ್ನೊಂದು ವಾರ ಇಬ್ಬರಿಗೆ ಒಂದೇ ಪೆನ್ಸಿಲ್ ಕೊಟ್ಟು ಒಂದೇ ಚಿತ್ರ ಬರೆಸಿ. ಮತ್ತೊಂದು ವಾರ ಹಳೆಯ ಜಗಳವೊಂದನ್ನು ನಾಟಕ ಮಾಡಿಸಿ. ಹೊಡೆದವನು ಹೊಡೆಸಿಕೊಂಡವನ ಪಾತ್ರ ಮಾಡಲಿ.

ಕಥೆಗೆ ದೂರ ಹೋಗಬೇಕಿಲ್ಲ. ಶೃಂಗೇರಿಯ ತುಂಗಾ ತೀರದಲ್ಲಿ ಕಪ್ಪೆ ಶಂಕರ ಇದೆ. ಸುಡುಬಿಸಿಲಿನಲ್ಲಿ ಹೆರಿಗೆ ನೋವಿನಲ್ಲಿದ್ದ ಕಪ್ಪೆಗೆ ನಾಗರಹಾವು ಹೆಡೆಯೆತ್ತಿ ನೆರಳು ಮಾಡಿತು, ಅದನ್ನು ಕಂಡೇ ಶಂಕರಾಚಾರ್ಯರು ಈ ಸ್ಥಳವನ್ನು ಆರಿಸಿದರು ಎಂಬುದು ಸ್ಥಳಪುರಾಣ. ಕಥೆ ಹೇಳಿ ಕೇಳಿ: ಹಾವು ಹತ್ತಿರ ಬಂದಾಗ ಕಪ್ಪೆಗೆ ಏನನ್ನಿಸಿರಬಹುದು? ಹಾವು ತಿನ್ನಲು ಬಂದಿಲ್ಲ ಎಂದು ಅದಕ್ಕೆ ಹೇಗೆ ಗೊತ್ತಾಯಿತು? ಇನ್ನೊಬ್ಬರ ಉದ್ದೇಶ ತಿಳಿಯದೆ ತೀರ್ಮಾನ ಮಾಡಬಾರದೆಂಬ ಪಾಠ ಮಕ್ಕಳ ಬಾಯಿಂದಲೇ ಬರುತ್ತದೆ.

ಗುಂಪು ಜಗಳಕ್ಕೆ ಬೇರೆ ಮದ್ದು ಬೇಕು. 1954ರ ಬೇಸಿಗೆಯಲ್ಲಿ ಅಮೆರಿಕದ ಓಕ್ಲಹೋಮದ ಒಂದು ಶಿಬಿರದಲ್ಲಿ ಮುಜಫರ್ ಶೆರಿಫ್ ಮತ್ತು ಸಂಗಡಿಗರು ಹನ್ನೊಂದು ವರ್ಷದ ಆಸುಪಾಸಿನ 22 ಹುಡುಗರನ್ನು ಎರಡು ಗುಂಪು ಮಾಡಿ ಸ್ಪರ್ಧೆಗೆ ಬಿಟ್ಟರು. ಕೆಲವೇ ದಿನಗಳಲ್ಲಿ ಒಬ್ಬರ ಬಾವುಟವನ್ನು ಇನ್ನೊಬ್ಬರು ಸುಟ್ಟರು, ಕೋಣೆಗಳಿಗೆ ನುಗ್ಗಿದರು. ಒಟ್ಟಿಗೆ ಊಟಕ್ಕೆ ಕೂರಿಸಿದರೆ ತಿಂಡಿ ಎರಚಾಡಿದರು. ಆಮೇಲೆ ಶಿಬಿರದ ನೀರು ನಿಂತುಹೋಗುವಂತೆ, ಊಟ ತರುವ ಲಾರಿ ಕೆಟ್ಟು ನಿಲ್ಲುವಂತೆ ಮಾಡಲಾಯಿತು. ಎಲ್ಲರೂ ಸೇರಿ ಹಗ್ಗ ಹಾಕಿ ಎಳೆದಾಗ ವೈರ ಕರಗತೊಡಗಿತು. ಬರೀ ಒಟ್ಟಿಗೆ ಕೂರಿಸಿದರೆ ಸಾಲದು, ಒಟ್ಟಿಗೆ ಮಾಡುವ ಕೆಲಸ ಬೇಕು. ಎರಡು ಊರಿನ ಮಕ್ಕಳು ಬಣ ಕಟ್ಟಿಕೊಂಡಿದ್ದರೆ ಅವರನ್ನೇ ಬೆರೆಸಿ ಶಾಲೆಯ ಕೈತೋಟ, ಚರಂಡಿ, ಗ್ರಂಥಾಲಯದ ಕೆಲಸಕ್ಕೆ ಹಚ್ಚಿ.

ಕೆಲವು ಜಗಳಗಳ ಬೇರು ಮಕ್ಕಳಲ್ಲಿ ಇರುವುದೇ ಇಲ್ಲ. ನಲವತ್ತು ಮಕ್ಕಳಿಗೆ ಒಂದೇ ನಲ್ಲಿ, ಒಂದೇ ಚೆಂಡು ಇದ್ದರೆ ನೂಕಾಟ ಆಗಿಯೇ ಆಗುತ್ತದೆ. ಇನ್ನೊಂದು ನಲ್ಲಿ ಹಾಕಿಸುವುದು ನೂರು ಬುದ್ಧಿಮಾತಿಗಿಂತ ಮೇಲು. ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಇದನ್ನು ಕೇಳಲಿ.

ಮನೆಯಲ್ಲಿ

‘ಹೊಡೆಸಿಕೊಂಡು ಬರಬೇಡ, ಹೊಡೆದು ಬಾ’ ಎಂದು ಹೇಳಿ ಕಳಿಸುವ ತಂದೆತಾಯಿಗಳಿದ್ದಾರೆ. ಮಗು ಹೊಡೆದು ಬಂದ ದಿನ ಆಚೆಯ ಮನೆಯವರೂ ತಮ್ಮ ಮಗುವಿಗೆ ಅದನ್ನೇ ಹೇಳುತ್ತಾರೆ. ಬದಲಿಗೆ ಹೀಗೆ ಹೇಳಿಕೊಡಿ: ‘ಗಟ್ಟಿಯಾಗಿ ಬೇಡ ಅನ್ನು. ಅಲ್ಲಿಂದ ಸರಿ. ದೊಡ್ಡವರಿಗೆ ಹೇಳು.’ ಹೇಳಲು ಬಂದ ಮಗುವನ್ನು ‘ಚಾಡಿಕೋರ’ ಎನ್ನಬೇಡಿ. ಯಾರನ್ನೋ ಸಿಕ್ಕಿಸಲು ಹೇಳುವುದು ಚಾಡಿ. ಯಾರಿಗೋ ಪೆಟ್ಟಾಗುವುದನ್ನು ತಪ್ಪಿಸಲು ಹೇಳುವುದು ಸಹಾಯ. ಈ ವ್ಯತ್ಯಾಸ ಕಲಿಸಿ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಬಡವಾಗುವುದಷ್ಟೇ ಅಲ್ಲ, ಕೂಸು ಕಲಿಯುತ್ತದೆ ಸಹ. ಬೇಲಿಯ ತಕರಾರು, ಅಬ್ಬಿ ನೀರಿನ ತಕರಾರು ಎಂದು ಪಕ್ಕದ ಮನೆಯೊಡನೆ ಮಾತು ಬಿಟ್ಟವರ ಮಕ್ಕಳು ಶಾಲೆಯಲ್ಲೂ ಒಂದೇ ಬೆಂಚಿನಲ್ಲಿ ಕೂರುವುದಿಲ್ಲ. ದೊಡ್ಡವರು ಮಕ್ಕಳ ಮುಂದೆ ಜಗಳವಾಡಿದ್ದರೆ ರಾಜಿಯೂ ಮಕ್ಕಳ ಮುಂದೆಯೇ ಆಗಲಿ. ಜಗಳ ಮುಗಿಯುತ್ತದೆ ಎಂಬುದನ್ನು ಅವರು ಕಣ್ಣಾರೆ ನೋಡಬೇಕು. ಸಿಟ್ಟಿಗೆ ಏಟೇ ಉತ್ತರವೆಂದು ನಾವೇ ತೋರಿಸಿದರೆ ಉಳಿದ ಪಾಠವೆಲ್ಲ ವ್ಯರ್ಥ. ಶಾಲೆಯಲ್ಲಂತೂ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ನಿಷೇಧಿಸಿದೆ.

ಜಗಳದ ಹಿಂದೆ ಕಾಯಿಲೆ ಇದೆಯೇ?

ಮಗು ಪದೇ ಪದೇ ಜಗಳವಾಡುತ್ತಿದ್ದರೆ ಬೈಯುವ ಮುಂಚೆ ಇವನ್ನು ನೋಡಿ.

* ಕಿವಿ ಕೇಳುತ್ತದೆಯೇ? ಮಳೆಗಾಲದಲ್ಲಿ ಕಿವಿ ಸೋರುವ ಮಕ್ಕಳು ಹಲವರು. ಕರೆದರೆ ಕೇಳದು, ಜೊತೆಯವರು ಜಂಬ ಎಂದುಕೊಳ್ಳುತ್ತಾರೆ.
* ಕಣ್ಣು ಕಾಣುತ್ತದೆಯೇ? ಹಲಗೆ ಕಾಣದ ಮಗು ಸುಮ್ಮನೆ ಕೂರದೆ ಪಕ್ಕದವರನ್ನು ಕೆಣಕುತ್ತದೆ.
* ಬೆಳಗಿನ ತಿಂಡಿ ತಿಂದಿದೆಯೇ? ಬರೀ ಕಾಫಿ ಕುಡಿದು ದೂರ ನಡೆದು ಬಂದ ಮಗುವಿಗೆ ಬಿಸಿಯೂಟದ ಹೊತ್ತಿಗೆ ಮುಂಚೆ ತಾಳ್ಮೆ ಎಲ್ಲಿಂದ ಬರಬೇಕು?
* ರಕ್ತಹೀನತೆ, ಜಂತುಹುಳು ಇವೆಯೇ? ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆ, ಹುಳುವಿನ ಗುಳಿಗೆ ತಪ್ಪಿಸಬೇಡಿ.
* ನಿದ್ದೆ ಸಾಕೇ? ಈ ವಯಸ್ಸಿಗೆ ದಿನಕ್ಕೆ 9ರಿಂದ 12 ಗಂಟೆ ಬೇಕು. ರಾತ್ರಿ ಮೊಬೈಲ್ ಹಿಡಿದ ಮಗು ಬೆಳಗ್ಗೆ ಸಿಡುಕುತ್ತದೆ.
* ಒಂದು ಕಡೆ ಕೂರಲಾರದೆ, ಸರದಿ ಕಾಯಲಾರದೆ, ಮನೆ ಶಾಲೆ ಎರಡರಲ್ಲೂ ಹೀಗೇ ಇದ್ದರೆ ಅತಿ ಚಟುವಟಿಕೆಯ ತೊಂದರೆ ಇರಬಹುದು. ವೈದ್ಯರಿಗೆ ತೋರಿಸಿ.

ಜಗಳ ಬೇರೆ, ಕಾಟ ಬೇರೆ

ಸಮಬಲದವರ ನಡುವೆ ಆಗುವುದು ಜಗಳ. ಬಲವಾದವನು ಅಥವಾ ಒಂದು ಗುಂಪು ಒಂಟಿ ಮಗುವನ್ನು ದಿನದಿನವೂ ಪೀಡಿಸುವುದು ಕಾಟ. ಜಾತಿ, ಬಣ್ಣ, ಭಾಷೆ, ಅಂಗವೈಕಲ್ಯ ಹಿಡಿದು ಹಂಗಿಸುವುದೂ ಕಾಟವೇ. ಇಲ್ಲಿ ರಾಜಿ ಮಾಡಿಸಬೇಡಿ. ‘ಇಬ್ಬರೂ ಸರಿಮಾಡಿಕೊಳ್ಳಿ’ ಎಂದರೆ ನೊಂದ ಮಗುವೂ ಅರ್ಧ ತಪ್ಪು ಹೊತ್ತಂತಾಗುತ್ತದೆ. ಕಾಟವನ್ನು ನಿಲ್ಲಿಸುವುದು ದೊಡ್ಡವರ ಹೊಣೆ. ಸೋಮವಾರದ ಹೊಟ್ಟೆನೋವು, ಹರಿದ ಪುಸ್ತಕ, ಕಳೆದುಹೋಗುವ ಪೆನ್ನು, ದಾರಿ ಬದಲಿಸಿ ಮನೆಗೆ ಬರುವುದು - ಇವು ಸೂಚನೆಗಳು. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಟೆಲಿ-ಮನಸ್ ಸಹಾಯವಾಣಿ 14416. ಎರಡಕ್ಕೂ ಹಣ ಕೊಡಬೇಕಿಲ್ಲ.

ಪೆಟ್ಟಾದಾಗ

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಹಲ್ಲಿಗೆ ಮಾತ್ರ ಒಂದು ಅವಕಾಶವಿದೆ. ಆರೇಳು ವರ್ಷದ ಮೇಲೆ ಬಂದ ಶಾಶ್ವತ ಹಲ್ಲು ಬೇರು ಸಮೇತ ಬಿದ್ದರೆ ಅದರ ತಲೆಯ ಭಾಗ ಹಿಡಿದೆತ್ತಿ. ಬೇರು ಮುಟ್ಟಬೇಡಿ, ಉಜ್ಜಬೇಡಿ. ಕೊಳೆಯಿದ್ದರೆ ನೀರಿನಲ್ಲಿ ಕ್ಷಣ ಅದ್ದಿ ಅದೇ ಗುಳಿಯಲ್ಲಿ ಕೂರಿಸಿ, ಸ್ವಚ್ಛ ಬಟ್ಟೆ ಕಚ್ಚಿಸಿ. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿಟ್ಟು ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ದಂತವೈದ್ಯರ ಬಳಿ ಒಯ್ಯಿರಿ. ಹಾಲುಹಲ್ಲನ್ನು ಹೀಗೆ ಕೂರಿಸಬಾರದು.

ಕಣ್ಣಿಗೆ ಚೂಪಾದ ವಸ್ತು ತಗುಲಿದರೆ ಉಜ್ಜಬೇಡಿ, ಚುಚ್ಚಿಕೊಂಡಿದ್ದನ್ನು ಕೀಳಬೇಡಿ, ಮೊಲೆಹಾಲು ಎಣ್ಣೆ ಹಾಕಬೇಡಿ. ಒತ್ತದಂತೆ ಲೋಟ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಿರಿ. ಕಚ್ಚಿದ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಿ. ಐದಾರು ವರ್ಷದಲ್ಲಿ ಕೊಡುವ ಡಿಪಿಟಿ ಚುಚ್ಚುಮದ್ದು ಆಗಿದೆಯೇ ನೋಡಿ. ತಲೆಗೆ ಪೆಟ್ಟಾದ ಮಗು ಮತ್ತೆ ಮತ್ತೆ ವಾಂತಿ ಮಾಡಿದರೆ, ತೂಕಡಿಸಿದರೆ, ತಲೆನೋವು ಹೆಚ್ಚುತ್ತಿದ್ದರೆ, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಬಂದರೆ, ಫಿಟ್ಸ್ ಬಂದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ.

ಮಗ್ಗಿ ಒಂದು ದಿನದಲ್ಲಿ ಬಾಯಿಪಾಠ ಆಗುವುದಿಲ್ಲ. ಇದೂ ಹಾಗೆಯೇ. ಮೊದಲ ತಿಂಗಳು ಮಕ್ಕಳು ನಗುತ್ತಾರೆ, ಮರೆಯುತ್ತಾರೆ, ‘ಟೈಂ ಪ್ಲೀಸ್’ ಎನ್ನುತ್ತಲೇ ಹೊಡೆಯುತ್ತಾರೆ. ಬೇಸರಪಡದೆ ಹೇಳಿಕೊಡಿ. ಒಂದು ದಿನ ನೀವು ಓಡಿಹೋಗುವಷ್ಟರಲ್ಲಿ ಜಗಳ ತಾನಾಗಿ ಮುಗಿದಿರುತ್ತದೆ. ಆ ದಿನ ಮಾತ್ರ ಇಬ್ಬರನ್ನೂ ಕರೆದು ಎಲ್ಲರೆದುರು ‘ಭೇಷ್’ ಎನ್ನಲು ಮರೆಯಬೇಡಿ.